ಮೆಟ್ಟಿಲ ಕೆಳಗಿನ ಓರೆ ಬಾಗಿಲು

ನಮ್ಮ ಮನೆಯ ಮೆಟ್ಟಿಲ ಕೆಳಗಿನ ಜಾಗಕ್ಕೆ ಬಾಗಿಲು ಬೇಕೆಂದು ಹಟ ಹಿಡಿದವಳು ನನ್ನ ನಾದಿನಿ. ಮುರಿದ ಕೊಡೆ, ಕಾಲು ಕಳೆದುಕೊಂಡ ಸ್ಟೂಲು, ಯಜಮಾನರು ಮೇಷ್ಟರಾಗಿದ್ದ ಕಾಲದ ಉತ್ತರಪತ್ರಿಕೆಗಳ ಕಟ್ಟು, ಎಲ್ಲ ಅಲ್ಲೇ ಬಿದ್ದಿದ್ದವು.

"ಬಂದೋರಿಗೆ ಮೊದಲು ಕಾಣೋದೇ ನಮ್ಮ ಕಸ, ಅತ್ತಿಗೆ. ಆಮೇಲೆ ನಾವು."

ಈ ಮನೆ ಕಟ್ಟಿದಾಗ ಕಿಟಕಿ ಬಾಗಿಲು ಮಾಡಿದ್ದ ಬಡಗಿಯನ್ನೇ ಕರೆಸಿದೆವು. ಅವರ ತಲೆಯೂ ನಮ್ಮಂತೆಯೇ ನರೆತಿತ್ತು. ಮೆಟ್ಟಿಲ ಇಳಿಜಾರಿಗೆ ಸರಿಯಾಗಿ ಅಚ್ಚು ತೆಗೆಯಲು ಕಾಗದ ಕೇಳಿದರು. ನಾದಿನಿ ಕೈಗೆ ಸಿಕ್ಕಿದ ಅಂದಿನ ಪತ್ರಿಕೆಯನ್ನೇ ಕೊಟ್ಟಳು. ಅವರು ಎರಡು ಹಾಳೆ ಅಂಟಿಸಿ, ಓರೆಯಾಗಿ ಕತ್ತರಿಸಿ, ಹೊರಗೆ ಕಾಣಬೇಕಾದ ಮುಖಕ್ಕೆ ಪೆನ್ಸಿಲಿನಿಂದ ದೊಡ್ಡ ಗೀಟು ಎಳೆದು, ಊಟದ ಮೇಜಿನ ಮೇಲಿಟ್ಟು ಹೋದರು.

ಆ ಗೀಟು ಪದಬಂಧದ ನಟ್ಟನಡುವೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಪದಬಂಧವೆಂದರೆ ಅಣ್ಣ ತಂಗಿಯರ ನಡುವಿನ ದಿನದ ಕುಸ್ತಿ. ಸಂಜೆ ಯಜಮಾನರು ರಬ್ಬರು ಹಿಡಿದು ಮೇಜಿನ ಮೇಲೆ ಬಗ್ಗಿದ್ದನ್ನು ನಾನು ಕಂಡೆ. ತುಂಬಿ ಮುಗಿಸಿ, ತಂಗಿ ಕದ್ದು ನೋಡಬಾರದೆಂದು ಹಾಳೆಯನ್ನು ಬೋರಲು ಹಾಕಿ, ರಬ್ಬರನ್ನು ಅಂಗಿಯ ಜೇಬಿಗೆ ಸೇರಿಸಿ ಎದ್ದರು. ನನಗೂ ಆಗ ಏನೂ ಹೊಳೆಯಲಿಲ್ಲ.

ಮರುದಿನ ಬಡಗಿ ಹಲಗೆ ತಂದರು. ಒಂದು ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು, ಇನ್ನೊಂದು ಒರಟು ಮರ. ನನಗೆ ಬಗ್ಗಿ ಗುಡಿಸುವ ಕೆಲಸ ಬೇಡವೆಂದು ನೆಲಕ್ಕೆ ಹಳೆಯ ಬೆಡ್‌ಶೀಟು ಹಾಸಿ ಕೂತರು. ಅಚ್ಚಿನ ಮೇಲೆ ಗೀಟು ಕಾಣದೆ ಒಂದು ಕ್ಷಣ ತಡೆದರು. ಆಮೇಲೆ ಅದು ಬೋರಲು ಬಿದ್ದಿದ್ದ ಹಾಗೆಯೇ ಹೊಳೆಯುವ ಮುಖದ ಮೇಲಿಟ್ಟು ಕೊಯ್ದರು. ಎತ್ತಿ ಹಿಡಿದರೆ, ಮೆಟ್ಟಿಲು ಎಡಕ್ಕೆ ಇಳಿದರೆ ಬಾಗಿಲು ಬಲಕ್ಕೆ ಇಳಿಯುತ್ತಿತ್ತು!

"ಮೆಟ್ಟಿಲನ್ನೇ ತಿರುಗಿಸಿ ಕಟ್ಟಿಸಬೇಕಷ್ಟೆ," ಎಂದಳು ನಾದಿನಿ.

ಬಡಗಿ ನಗಲಿಲ್ಲ. "ಗುರುತು ಹಾಕಿದ್ದೆ ಅಂತಲೇ ನೆನಪು ಅಕ್ಕ. ಹಾಕೇ ಇಲ್ಲ ನೋಡಿ. ಹೋದ ತಿಂಗಳು ಮಗಳ ಮನೆ ದಾರಿ ತಪ್ಪಿದೆ. ಈಗ ಇದು. ತಲೆ ಹೋಯ್ತು ನಂದು. ಇನ್ನು ಗರಗಸ ಮುಟ್ಟಬಾರದು."

ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ಮೇಜಿನ ಮೇಲಿಟ್ಟು, ಉಳಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತತೊಡಗಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಮ್ಮ ಯಜಮಾನರು ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಮೂವತ್ತೆಂಟು ವರ್ಷ ಮಕ್ಕಳ ತಪ್ಪಿಗೆ ಕೆಂಪು ಶಾಯಿ ಹಾಕಿದವರು, ತಮ್ಮ ತಪ್ಪನ್ನು ಒಪ್ಪಿದ್ದನ್ನು ನಾನು ನೋಡಿದವಳಲ್ಲ. ನಾನೇ ಹೇಳಿಬಿಡಬಹುದಿತ್ತು. ಆದರೂ "ಕಾಫಿ ತರ್ತೀನಿ" ಎಂದು ಒಳಗೆ ಹೋಗಿ, ಹಾಲು ಉಕ್ಕುವವರೆಗೆ ಅವರಿಗೆ ಗಡುವು ಕೊಟ್ಟೆ.

ಹಾಲು ಉಕ್ಕುವ ಮೊದಲೇ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿತು.

"ಗೀಟು ಇತ್ತಪ್ಪ. ಪದಬಂಧದ ಹದಿನಾಲ್ಕನೇ ಮನೆ ಮೇಲೇ ಇತ್ತು. ನಾನೇ ಅಳಿಸಿದೆ."

"ಸುಮ್ನಿರಿ ಮೇಷ್ಟ್ರೇ, ನನ್ನ ಸಮಾಧಾನಕ್ಕೆ ಹೇಳ್ತೀರಿ."

"ಸಮಾಧಾನಕ್ಕೆ ಯಾರಾದ್ರೂ ಇಂಥಾ ಮರ್ಯಾದೆಗೇಡು ಒಪ್ಕೋತಾರಾ?"

ನಾನು ಕಾಫಿ ತರುವಷ್ಟರಲ್ಲಿ ಬಡಗಿ ಹಾಳೆಯನ್ನು ಮಗುಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಿದ್ದರು. ಸೀಸ ಹೋಗಿದ್ದರೂ ಒತ್ತಿ ಎಳೆದ ತಗ್ಗು ಉಳಿದಿತ್ತು. ಅದರ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. ಮುಖ ಅರಳಿತು.

"ಇದೆ ಅಕ್ಕ! ನಾನು ಹಾಕಿದ್ದೆ!"

"ಅಣ್ಣ, ಹದಿನಾಲ್ಕು ತಪ್ಪು ಬರ್ದಿದೀಯ," ಎಂದಳು ನಾದಿನಿ ಬಡಗಿಯ ಭುಜದ ಮೇಲಿಂದ ಇಣುಕಿ.

ಬಡಗಿ ಬೇರೆ ಹಲಗೆ ತರುತ್ತೇನೆಂದರು. ನಾನು ಬಿಡಲಿಲ್ಲ. ಹಲಗೆಯನ್ನು ತಿರುಗಿಸಿ ಹಾಕಿದರೆ ಇಳಿಜಾರು ಸರಿಯಾಗಿ ಕೂರುತ್ತಿತ್ತು. ಹೊಳಪು ಒಳಗೆ ಹೋಗುತ್ತದೆ, ಹೋಗಲಿ. ಒರಟು ಮುಖವನ್ನು ಉಜ್ಜಿ ಬಣ್ಣ ಬಳಿಯುವ ಶಿಕ್ಷೆ ಯಜಮಾನರ ಪಾಲಿಗೆ ಬಂತು. ನನ್ನ ಮೊಣಕಾಲಿಗೆ ತಾಗುವ ಮೂಲೆಯನ್ನು ಬಡಗಿ, ಯಾರೂ ಹೇಳದೆಯೇ, ಗುಂಡಗೆ ಮಾಡಿದರು.

ಈಗ ನಮ್ಮ ಮುರಿದ ಕೊಡೆಗೆ ಮುಖ ನೋಡಿಕೊಳ್ಳುವಷ್ಟು ಹೊಳಪಿನ ಬಾಗಿಲಿದೆ.

ಆ ದಿನ ಹೊರಡುವಾಗ ಬಡಗಿ ಉಳಿಗಳ ಗಂಟು ಎತ್ತಿಕೊಂಡರು. ಪೆನ್ಸಿಲು ಮೇಜಿನ ಮೇಲೇ ಇತ್ತು. ಯಜಮಾನರು ಅದನ್ನು ತೆಗೆದು ತಾವೇ ಅವರ ಕಿವಿಯ ಮೇಲೆ ಸಿಕ್ಕಿಸಿದರು.

"ಮುಂದಿನ ವಾರ ಅಡುಗೆಮನೆ ಕಪಾಟು ನೋಡ್ಬೇಕು, ಬಾರಪ್ಪ."

"ಬರ್ತೀನಿ ಮೇಷ್ಟ್ರೇ," ಎಂದ ಬಡಗಿ, ಯಜಮಾನರ ಜೇಬಿನಿಂದ ರಬ್ಬರನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. "ಅಲ್ಲೀವರೆಗೂ ಇದು ನನ್ನ ಹತ್ರ ಇರ್ಲಿ."