ಹತ್ತಕ್ಕೆ ಮೂರು

ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿಗಳಿಗೆ ಅಂಕ ಹಾಕಿ ಹಾಕಿ ನಾಗಭೂಷಣನಿಗೆ ಕಂಡದ್ದಕ್ಕೆಲ್ಲ ಅಂಕ ಹಾಕುವ ಚಟ ಅಂಟಿಕೊಂಡಿತ್ತು. ಹಿರಿಯೂರಿನಲ್ಲಿ ಹೆಂಡತಿ ಯಶೋದಾಳ ಜೊತೆ ಸೂಪರ್‌ಹೀರೋ ಸಿನಿಮಾದ ಮ್ಯಾಟ್ನಿ ನೋಡಿ ಮನೆಗೆ ಬಂದವನು, "ಹತ್ತಕ್ಕೆ ಮೂರು! ಕತೆಗೆ ತಲೆ ಬುಡ ಒಂದೂ ಇಲ್ಲ. ಊರೆಲ್ಲ ಕುಸಿದು ಬಿದ್ರೂ ಹೀರೋ ಬಟ್ಟೆಗೆ ಒಂದ್ ಚೂರು ಧೂಳು ಹತ್ತಲ್ಲ," ಎಂದು ಗುಡುಗಿದ.

ಯಶೋದಾಗೆ ರೇಗಿಹೋಯಿತು. "ಅವನು ಬಸ್ಸು ಎತ್ತಿದಾಗ ಸೀಟ್ ಮೇಲೆ ನಿಂತ್ಕಂಡು ಶಿಳ್ಳೆ ಹೊಡೆದೋರು ಯಾರು? ಇಷ್ಟ ಆತು ಅಂತ ಒಪ್ಕಳಾಕೆ ನಾಚ್ಕೆನಾ?"

ನಾಗಭೂಷಣ ಕೈಕಾಲು ತೊಳೆದು ಊಟಕ್ಕೆ ಕುಳಿತ. ಅವಳು ತವರೂರು ಬಾಗೂರಿನಿಂದ ತಂದಿದ್ದ ನಾಟಿ ರಾಗಿಯ ಮುದ್ದೆ ಬಡಿಸಿದಳು. ಸೊಪ್ಪಿನ ಸಾರಿನಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದವನನ್ನು ನೋಡುತ್ತ ಕೇಳಿದಳು: "ಈ ರಾಗಿಗೆ ನಿಮ್ಮ ಆಫೀಸ್‌ನಾಗೆ ಎಷ್ಟು ಹಾಕಿದ್ರಿ?"

"ಮೂರು. ಇಳುವರಿ ಇಲ್ಲ, ಬೆಂಕಿರೋಗ ಬೇರೆ ಬರ್ತೈತೆ," ಎನ್ನುತ್ತಲೇ ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು. ಯಶೋದಾ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

"ಸಿನಿಮಾಕ್ಕೂ ಮೂರೇ ಕಣೇ, ಅದ್ರಾಗೆ ಬದಲಿಲ್ಲ," ಎಂದ ಅವನೂ ನಗುತ್ತ. "ಭಾನುವಾರ ಇನ್ನೊಂದ್ಸಲ ಹೋಗಾಣ."