ಏಳು ಸಾಲು ರಾಗಿ

ಗೌರೀಶ ಎತ್ತಿದ ಗುದ್ದಲಿ ಕೆಳಗಿಳಿಯುವ ಮೊದಲೇ ಮರಮ್ಮ ಅದರ ಕಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇಲ್ಲಿ ಬ್ಯಾಡ ಗೌರೀಸಪ್ಪ. ನಿಮ್ ಕಾಲ್ ಇಡ್ಕತೀನಿ, ಇಲ್ಲಿ ಅಗೀಬ್ಯಾಡಿ.”

“ಬುಡು ಮರಮ್ಮಕ್ಕ. ಅಪ್ಪನ್ನ ಮನೇಲಿ ಕೂರ್ಸಿ ಬಂದಿವ್ನಿ. ಒತ್ತು ಮೀರ್ತದೆ.”

ಮರಮ್ಮ ಬಿಡಲಿಲ್ಲ. ಇಪ್ಪತ್ತೈದು ವರ್ಷದಿಂದ ಈ ಹೊಲದಲ್ಲಿ ಕಳೆ ಕಿತ್ತವಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ಹಿಡಿತ ಸಡಿಲವಾಗಲಿಲ್ಲ.

“ಯಜಮಾನ್ರು ನೆನ್ನೇನೂ ಈ ತೆನೆಗೋಳ ಮುಟ್ಟಿ ನೋಡವ್ರೆ. ಇನ್ನ ನಾಕು ದಿಸ ಮರಮ್ಮ, ಒಂದೊಂದು ಸಾಲೂ ಬ್ಯಾರೆ ಬ್ಯಾರೆ ಕುಯ್ಯಬೇಕು, ಒಂದ್ ತೆನೆನೂ ಬೆರೀಬಾರ್ದು ಅಂದವ್ರೆ. ಈಗ ನೀವು ಅದರ ಮ್ಯಾಲೇ ಗುದ್ದಲಿ ಆಕ್ತೀರಲ್ಲ.”

ಗೌರೀಶನ ಅಪ್ಪ ಕಂಠಪ್ಪ ತೀರಿಕೊಂಡದ್ದು ಹಿಂದಿನ ಸಂಜೆ. ಹೊಲದಿಂದ ಬಂದು ಜಗುಲಿಯ ಮೇಲೆ ಕೂತು ಕಾಫಿ ಕೇಳಿದ್ದರು. ಹೆಂಡತಿ ನೀಲಾಂಬಿಕೆ ಲೋಟ ಹಿಡಿದು ಬರುವಷ್ಟರಲ್ಲಿ ತಲೆ ಕಂಬಕ್ಕೆ ಒರಗಿತ್ತು. ಎಪ್ಪತ್ತೊಂದು ವರ್ಷ. ಅವರ ಅಪ್ಪ ಅವ್ವನ ಸಮಾಧಿ ಇದ್ದದ್ದು ಮೇಲುಹೊಲದ ಹೊಂಗೆ ಮರದ ಕೆಳಗೆ. ಅದರ ಪಕ್ಕದ ನೆಲದಲ್ಲೇ ಏಳು ಸಾಲು ರಾಗಿ ನಿಂತಿತ್ತು, ಒಂದೊಂದು ಸಾಲೂ ಒಂದೊಂದು ತಳಿ. ಗುಂಡಿ ತೋಡಿದರೆ ನಾಲ್ಕು ಸಾಲು ಹೋಗುತ್ತಿತ್ತು. ಉಳಿದದ್ದು ಮಣ್ಣಿನಡಿ, ಜನರ ಕಾಲಡಿ.

“ಕೆಳಗಡೆ ಹೊಲದಲ್ಲಿ ತೋಡಾನ ಅಂದ್ರೆ ಎರಡಡಿಗೇ ನೀರು ಉಕ್ತದೆ,” ಅಂದ ಗೌರೀಶ. “ಇನ್ನೆಲ್ಲಿ ಮಡಗ್ಲಿ?”

ಕಂಠಪ್ಪನ ಅಣ್ಣ ಸೋಮಯ್ಯ ಕೋಲೂರಿಕೊಂಡು ಮುಂದೆ ಬಂದರು. “ಸತ್ತೋನಿಗಿಂತ ರಾಗಿ ದೊಡ್ಡದಾ ಮರಮ್ಮ?”

“ಅವ್ರಿಗೆ ದೊಡ್ಡದಾಗಿತ್ತಲ್ಲ ಸೋಮಯ್ನೋರೇ.”

ಗುದ್ದಲಿ ಹಿಡಿದಿದ್ದ ಮೂವರು ಹುಡುಗರು ಗೌರೀಶನ ಮುಖ ನೋಡಿದರು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಸಂಜೆಗೆ ಮಳೆ ಎಂದು ಬೆಳಗ್ಗೆಯಿಂದ ಎಲ್ಲರ ಮೊಬೈಲುಗಳೂ ಹೇಳುತ್ತಿದ್ದವು.

“ಮೊದ್ಲು ಕುಯ್ದುಬುಡಾನ,” ಅಂದಳು ಮರಮ್ಮ. “ಕುಡುಗೋಲು ಕೊಡಿ, ಒಂದ್ ಗಳಿಗೆ ಕೆಲ್ಸ.”

“ಹೆಣ ಮನೇಲಿ ಇಟ್ಕಂಡು ಕುಯ್ಲು ಮಾಡ್ತಾರಾ?” ಸೋಮಯ್ಯ ಕೋಲನ್ನು ನೆಲಕ್ಕೆ ಕುಟ್ಟಿದರು. “ಬಂದಿರೋ ನೆಂಟ್ರು ಏನಂದಾರು?”

ಗೌರೀಶ ಗುದ್ದಲಿಯನ್ನು ಹೊಂಗೆ ಮರಕ್ಕೆ ಒರಗಿಸಿದ. “ಅವ್ವನ್ನ ಕೇಳ್ಕಂಡ್ ಬತ್ತೀನಿ, ದೊಡ್ಡಪ್ಪ.”

*

ಆರು ವರ್ಷದ ಹಿಂದೆ, ಇನ್ನೇನು ಕುಯ್ಲು ಅನ್ನುವಾಗ, ಹನ್ನೊಂದು ದಿನ ಬಿಡದೆ ಮಳೆ ಹಿಡಿದಿತ್ತು. ಆಷಾಢದಲ್ಲಿ ಬಾರದ ಮಳೆ ಕಾರ್ತೀಕದಲ್ಲಿ ಬಂದಿತ್ತು. ಊರಿನ ರಾಗಿಯೆಲ್ಲ ನೆಲಕ್ಕೆ ಮಲಗಿ, ತೆನೆಯಲ್ಲಿದ್ದ ಕಾಳು ಅಲ್ಲೇ ಮೊಳಕೆ ಒಡೆಯಿತು. ಕಂಠಪ್ಪ ಒಂದು ಹಿಡಿ ತೆನೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದರು. ಅವತ್ತು ಅಲ್ಲಿ ರೈತರ ಸಭೆ ಇತ್ತು.

ಬೇರೆಯವರೆಲ್ಲ ಪರಿಹಾರದ ಮಾತಾಡಿ ಕೂತ ಮೇಲೆ ಕಂಠಪ್ಪ ಎದ್ದು, ಟವೆಲು ಬಿಚ್ಚಿ, ಹಸಿರು ಮೊಳಕೆಯ ತೆನೆಗಳನ್ನು ಮೇಜಿನ ಮೇಲಿಟ್ಟರು.

“ಪರಿಹಾರ ಕೊಟ್ರೆ ಬ್ಯಾಡ ಅನ್ನಕಿಲ್ಲ ಸಾರ್. ಆದ್ರೆ ನಾನು ಬಂದಿರೋದು ಬೀಜ ಕೇಳಕೆ. ಮಳೆ ತಡವಾದ್ರೆ ಕಾಯ್ಕಂಡಿರೋ ಅಂಥದ್ದು, ಕುಯ್ಲಲ್ಲಿ ಮಳೆ ಉಯ್ದ್ರೂ ಬೀಳದೆ ನಿಂತ್ಕಳೋ ಅಂಥದ್ದು.”

ವೇದಿಕೆಯ ಮೇಲಿದ್ದ ಒಬ್ಬರು ನಕ್ಕರು. “ಬಿಸಿಲಿಗೂ ಒಣಗಬಾರದು, ಮಳೆಗೂ ಬೀಳಬಾರದು ಅಂದ್ರೆ ದೇವರನ್ನೇ ಕೇಳ್ಬೇಕು ಯಜಮಾನ್ರೇ.”

“ಕೇಳ್ದೆ ಸಾರ್. ಆಪೀಸಿಗೆ ಓಗು ಅಂದ.”

ಸಭೆಯೆಲ್ಲ ಗೊಳ್ಳೆಂದಿತು. ಕಂಠಪ್ಪ ಮಾತ್ರ ನಗದೆ ಹಾಗೆಯೇ ನಿಂತಿದ್ದರು. ಬರೆದುಕೊಳ್ಳುತ್ತೇವೆ ಎಂದು ಯಾರೋ ಹೇಳಿದ ಮೇಲೆ, ಬರೆದದ್ದನ್ನು ಓದಿಸಿ ಕೇಳಿಕೊಂಡೇ ಕೂತರು.

ಅಲ್ಲಿಂದಾಚೆಗೆ ಸಭೆ ಎಲ್ಲಿದ್ದರೂ ಅವರು ಹೋಗುತ್ತಿದ್ದರು. ಹುಣಸೂರು, ಕೆ.ಆರ್. ನಗರ, ಒಂದು ಸಲ ಎರಡು ಬಸ್ಸು ಬದಲಾಯಿಸಿ ಕೋಟೆ ತಾಲ್ಲೂಕಿಗೂ. ಕೇಳುವುದು ಅದೊಂದೇ ಮಾತು. ಊರಿನಲ್ಲಿ ಬೀಜದ ಕಂಠಪ್ಪ ಎಂದೇ ಹೆಸರು ಬಿತ್ತು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ “ಏನ್ ಕಂಠಪ್ಪ, ಸಿಕ್ತಾ?” ಎಂದು ಯಾರಾದರೂ ಕೆಣಕುವರು. “ಸಿಕ್ತದೆ ಬುಡ್ಲಾ,” ಅನ್ನುತ್ತ ಅವರು ಪಾಯಸ ಹಾಕಿಸಿಕೊಳ್ಳುತ್ತಿದ್ದರು. ಪಾಯಸವನ್ನು ಎರಡು ಸಲ ಹಾಕಿಸಿಕೊಳ್ಳದೆ ಏಳುತ್ತಿರಲಿಲ್ಲ.

*

ನಡುಮನೆಯ ಗೋಡೆಗೆ ಒರಗಿಸಿ ಕಂಠಪ್ಪನನ್ನು ಕೂರಿಸಿದ್ದರು. ಹಣೆತುಂಬ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ, ಕೊರಳಲ್ಲಿ ಚೆಂಡುಹೂವಿನ ಹಾರ. ನೀಲಾಂಬಿಕೆ ಪಕ್ಕದಲ್ಲೇ ಕೂತಿದ್ದರು. ಗಂಡನ ತೋಳಿನ ಮೇಲೆ ಉದುರುತ್ತಿದ್ದ ಎಸಳುಗಳನ್ನು ಒಂದೊಂದಾಗಿ ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಅವರ ಬಳಿ ರೈತ ಸಂಪರ್ಕ ಕೇಂದ್ರದ ಹೇಮಶ್ರೀ ಚಪ್ಪಲಿ ಬಿಟ್ಟು ಬಂದು ಕೂತಿದ್ದಳು.

ಗೌರೀಶ ಬಗ್ಗಿ ಅವ್ವನ ಕಿವಿಯಲ್ಲಿ ವಿಷಯ ಹೇಳಿದ. ನೀಲಾಂಬಿಕೆ ಅವನ ಮುಖ ನೋಡಿದರು.

“ಇದ ಕೇಳಕೆ ಅಲ್ಲಿಂದ ಬಂದ್ಯಾ? ಓಗು, ಕುಯ್ರಿ.”

“ದೊಡ್ಡಪ್ಪ ಒಪ್ತಿಲ್ಲ ಕಣವ್ವ. ಸೂತಕದಲ್ಲಿ ಹೆಂಗೆ ಅಂತ.”

ಬಾಗಿಲ ಬಳಿ ಹೂವು ಬಿಡಿಸುತ್ತಿದ್ದ ಮಠದ ಅಯ್ನೋರು ತಲೆಯೆತ್ತಿದರು. “ಲಿಂಗ ಕಟ್ಟಿದೋರಿಗೆ ಯಾವ ಸೂತಕ್ಲಾ? ಸೋಮಯ್ಯನಿಗೆ ನಾನೇಳ್ದೆ ಅಂತ ಹೇಳು. ಗುಂಡಿ ಆಗೋ ತಂಕ ನಾನಿಲ್ಲಿ ಕೂತಿರ್ತೀನಿ. ಕಂಠಪ್ಪನಿಗೂ ಅವಸರ ಇಲ್ಲ.”

ಹೇಮಶ್ರೀ ತಟ್ಟನೆ ಎದ್ದಳು. “ಅಮ್ಮ, ನಾನೂ ಹೋಗ್ಲಾ? ಸಾಲು ಬೆರಕೆ ಆದ್ರೆ ಅಷ್ಟೂ ವರ್ಷದ್ದು ಹೋಗುತ್ತೆ.”

“ಓಗವ್ವ. ಸೀರೆ ಎತ್ತಿ ಕಟ್ಕೊ, ಮುಳ್ಳೈತೆ ದಾರೀಲಿ.” ಆಮೇಲೆ ನೀಲಾಂಬಿಕೆ ಮಗನ ಕಡೆ ತಿರುಗಿದರು. “ನಿಮ್ಮಪ್ಪ ಕೊನೇಗಳಿಗೇಲಿ ನನ್ ಹೆಸ್ರು ಏಳ್ಲಿಲ್ಲ ಕಣಪ್ಪ. ಕಾಪಿ ತತ್ತಾ ಅಂದು, ‘ಐದನೇದು ಬಣ್ಣ ತಿರುಗ್ತಾ ಐತೆ’ ಅಂದ್ರು. ಅಷ್ಟೇಯ.” ಮತ್ತೊಂದು ಎಸಳು ತೆಗೆದು ಮಡಿಲಿಗೆ ಹಾಕಿಕೊಂಡರು.

*

ಹೇಮಶ್ರೀ ಈ ಹೋಬಳಿಗೆ ಬಂದದ್ದು ಮೂರು ವರ್ಷದ ಹಿಂದೆ. ಬಂದ ವಾರದಲ್ಲೇ ಕಂಠಪ್ಪ ಅವಳ ಮೇಜಿನ ಮುಂದೆ ನಿಂತಿದ್ದರು. ಅವಳು ನಗಲಿಲ್ಲ. ಎರಡು ತಿಂಗಳ ಮೇಲೆ ಸ್ಕೂಟರಿನಲ್ಲಿ ಅವರ ಮನೆಗೇ ಬಂದು ಏಳು ಕಾಗದದ ಪೊಟ್ಟಣ ಕೊಟ್ಟಳು. ಒಂದೊಂದರಲ್ಲೂ ಒಂದು ಹಿಡಿ ರಾಗಿ. ಐದು ಸಂಶೋಧನಾ ಕೇಂದ್ರದವರ ಹತ್ತಿರ ಕೇಳಿ ತಂದದ್ದು, ಎರಡು ಕೋಟೆ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಹುಡುಕಿದ್ದು.

“ಯಾವುದು ಈ ನೆಲದಲ್ಲಿ ತಡೆಯುತ್ತೆ ಅಂತ ನಂಗೂ ಗೊತ್ತಿಲ್ಲ ಯಜಮಾನ್ರೇ. ನೀವೇ ಬಿತ್ತಿ ನೋಡಿ ಹೇಳ್ಬೇಕು. ಮೂರು ವರ್ಷ ಆದ್ರೂ ನೋಡ್ಬೇಕು. ಒಂದು ವರ್ಷದ್ದು ನಂಬೋ ಹಾಗಿಲ್ಲ.”

“ನೋಡಾನ ಬುಡಿ ಮೇಡಂ. ನಂಗೇನ್ ಬ್ಯಾರೆ ಕೆಲ್ಸ?”

ಗೌರೀಶ ಸಮಾಧಿ ಪಕ್ಕದ ಆ ತುಂಡು ನೆಲಕ್ಕೆ ಶುಂಠಿ ಹಾಕಬೇಕೆಂದಿದ್ದ. ಎರಡು ದಿನ ಅಪ್ಪನೊಡನೆ ಮಾತು ಬಿಟ್ಟ. ಕಂಠಪ್ಪ ಗಮನಿಸಲೇ ಇಲ್ಲ. ಸಾಲಿನ ತುದಿಗೆ ಗೂಟ ನೆಟ್ಟು, ಗುರುತಿಗೆ ಬಣ್ಣದ ಬಟ್ಟೆ ಕಟ್ಟುವುದರಲ್ಲಿದ್ದರು. ಬಟ್ಟೆ ಎಲ್ಲಿಯದು ಎಂದು ನೀಲಾಂಬಿಕೆಗೆ ತಿಳಿದದ್ದು ಗೌರಿಹಬ್ಬದ ದಿನ, ಪೆಟ್ಟಿಗೆ ತೆಗೆದಾಗ. “ನನ್ ಧಾರೆ ಸೀರೆ ಸೆರಗು ಮೂರನೇ ಸಾಲಲ್ಲಿ ಆಡ್ತಾ ಐತೆ, ಬಂದ್ ನೋಡ್ರಮ್ಮ,” ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು.

ಈ ವರ್ಷ ಬಿತ್ತಿದ ಮೇಲೆ ಇಪ್ಪತ್ತಾರು ದಿನ ಒಂದು ಹನಿ ಬೀಳಲಿಲ್ಲ. ಎಲೆ ಸುರುಳಿ ಸುತ್ತಿಕೊಂಡಿತು. ನೋಡಲಾಗದೆ ಗೌರೀಶ ಬೋರಿನಿಂದ ಪೈಪು ಎಳೆದುಕೊಂಡು ಬಂದ. ಕಂಠಪ್ಪ ಪೈಪಿನ ಮೇಲೆ ಕಾಲಿಟ್ಟು ನಿಂತರು.

“ಬ್ಯಾಡ ಮಗ.”

“ಸಾಯ್ತವೆ ಕಣಪ್ಪ!”

“ಸಾಯೋದು ಸಾಯ್ಲಿ. ಈಗ ನೀರು ಬುಟ್ರೆ ಇವು ಸುಳ್ಳೇಳ್ತವೆ. ಬೋರ್ ಇಲ್ದೋನು ನನ್ ಮಾತು ನಂಬಿ ಬಿತ್ತಿ ಕೆಟ್ಟೋಯ್ತಾನೆ.”

ಹಾಗೆ ಹೇಳಿದವರು ಆ ರಾತ್ರಿ ಊಟ ಮಾಡಲಿಲ್ಲ. ಮರುದಿನದಿಂದ ಗೌರೀಶ ಪೈಪಿನ ಮಾತೆತ್ತಲಿಲ್ಲ. ಮಳೆ ಬಂದ ಮೇಲೆ, ಅಪ್ಪ ಇಲ್ಲದ ಹೊತ್ತು ನೋಡಿ, ತಾನೇ ಸಾಲಿನ ನಡುವೆ ಕೂತು ಯಾವುದು ಬುಡದಿಂದ ಎಷ್ಟು ತೆಂಡೆಕವಲು ಒಡೆದಿದೆ ಎಂದು ಎಣಿಸುತ್ತಿದ್ದ. ಅದನ್ನು ಮರಮ್ಮ ನೋಡಿದ್ದಳು, ಯಾರಿಗೂ ಹೇಳಿರಲಿಲ್ಲ.

*

ಮೊದಲ ಕುಡುಗೋಲು ಹಾಕಿದವಳು ಮರಮ್ಮ. ಒಂದನೇ ಸಾಲಿಗೆ ಅವಳು, ಎರಡಕ್ಕೆ ಗೌರೀಶ. ಬಿಳಿ ಪಂಚೆ ಉಟ್ಟು ಹುಣಸೂರಿನಿಂದ ಬಂದಿದ್ದ ಬೀಗರೊಬ್ಬರು ಅಂಗಿ ತೋಳು ಮಡಚಿ ಮೂರನೆಯದಕ್ಕೆ ಇಳಿದರು. ಹೇಮಶ್ರೀ ಸಾಲಿಂದ ಸಾಲಿಗೆ ಓಡಾಡುತ್ತ ಒಂದೊಂದು ಕಟ್ಟಿಗೂ ಅದರದರ ಗೂಟದ ಬಟ್ಟೆಯನ್ನೇ ಬಿಚ್ಚಿ ಕಟ್ಟಿದಳು. ಕುಡುಗೋಲಿನ ಸರಕ್ ಸರಕ್ ಸದ್ದು, ನಡುವೆ ಯಾರಾದರೂ ಮೂಗು ಸೀಟುವ ಸದ್ದು.

ಐದು ಸಾಲು ಮುಗಿಯಿತು. ಆರು, ಏಳರಲ್ಲಿ ತೆನೆ ಇನ್ನೂ ಹಸಿರಾಗಿತ್ತು. ಮರಮ್ಮ ಒಂದು ಕಾಳನ್ನು ಉಗುರಿನಲ್ಲಿ ಒತ್ತಿದಳು. ಹಾಲು ಬಂತು.

“ಇವ ಕುಯ್ದು ಪ್ರಯೋಜನ ಇಲ್ಲ ಮೇಡಂ. ಬೀಜ ಆಗಕಿಲ್ಲ.”

ಗೌರೀಶ ಗುಂಡಿಗೆ ಗುರುತು ಮಾಡಿದ್ದ ಕಡ್ಡಿಗಳನ್ನು ನೋಡಿದ. ಒಂದು ಕಡ್ಡಿ ಆರನೇ ಸಾಲಿಗೆ ತಾಗಿಕೊಂಡೇ ಇತ್ತು. ತೋಡಿದ ಮಣ್ಣು ಬಿದ್ದರೆ ಎರಡೂ ಮುಚ್ಚಿಹೋಗುತ್ತವೆ. ಹಣೆಯ ಬೆವರು ಒರೆಸಿಕೊಂಡ.

ಅಷ್ಟು ಹೊತ್ತೂ ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ಸೋಮಯ್ಯ ಎದ್ದು ಬಂದರು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಷ್ಟದಿಂದ ಬಗ್ಗಿ, ಕಡ್ಡಿಗಳನ್ನು ಕಿತ್ತರು. ಅವ್ವನ ಸಮಾಧಿಯ ಕಡೆಗೆ ನಾಲ್ಕು ಹೆಜ್ಜೆ ಹೋಗಿ, ಅದಕ್ಕೆ ಒಂದು ಮೊಳ ಬಿಟ್ಟು ಮತ್ತೆ ನೆಟ್ಟರು.

“ಅಷ್ಟೊಂದು ಅತ್ರಾನಾ ದೊಡ್ಡಪ್ಪ?”

“ಅವ್ವನ ಮಗ್ಗುಲಿಗೇ ಓಗ್ಲಿ ಬುಡ್ಲಾ. ಕೊನೇ ಮಗ. ಎಂಟು ವರ್ಸ ಆಗೋ ತಂಕ ಅಲ್ಲೇ ಮಲಗ್ತಿದ್ದ, ನಮ್ಮನ್ನೆಲ್ಲ ಆಚೆಗ್ ತಳ್ಳಿ.” ಸೋಮಯ್ಯ ಮುಖ ತಿರುಗಿಸಿಕೊಂಡರು. “ಮಣ್ಣ ಮರದ ಕಡೀಕೆ ಆಕ್ರಿ. ರಾಗಿ ಕಡೀಕ್ ಒಂದ್ ಹೆಂಟೇನೂ ಬೀಳ್ಬಾರ್ದು.”

ನಾಲ್ಕು ಗಂಟೆಗೆ ಕಂಠಪ್ಪ ಬಂದರು. ಅವರನ್ನು ಕೂರಿಸಿದ್ದ ಹೂವಿನ ವಿಮಾನ ಹೊತ್ತವರು ಉಳಿದ ಎರಡು ಸಾಲನ್ನು ಬಳಸಿಕೊಂಡು, ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು, ಕಾಲು ನೋಡಿಕೊಂಡು ನಡೆದರು. ಅಯ್ನೋರು ಮಂತ್ರ ಹೇಳಿದರು. ಗುಂಡಿಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಿ, ವಿಭೂತಿ, ಬಿಲ್ವಪತ್ರೆ ತುಂಬಿದರು. ಗೌರೀಶ ಒಂದು ಹಿಡಿ ಮಣ್ಣು ತೆಗೆದುಕೊಂಡು, ಹಾಕಲಾರದೆ ಬಹಳ ಹೊತ್ತು ಹಿಡಿದುಕೊಂಡಿದ್ದ. ನೀಲಾಂಬಿಕೆ ಅವನ ಮುಂಗೈ ಹಿಡಿದರು. ಇಬ್ಬರ ಕೈಯಿಂದಲೂ ಅದು ಒಟ್ಟಿಗೆ ಜಾರಿತು.

ಮಣ್ಣು ಮುಚ್ಚಿ ತುಳಿಯುವಷ್ಟರಲ್ಲಿ ಮೊದಲ ಹನಿ ಬಿತ್ತು.

“ಕಟ್ಟು! ಕಟ್ಟು ನೆನೀತವೆ!” ಎಂದು ಮರಮ್ಮ ಕೂಗಿದಳು. ಇದ್ದಬದ್ದವರೆಲ್ಲ ರಾಗಿಕಟ್ಟುಗಳ ಮೇಲೆ ಟವೆಲು, ಶಲ್ಯ ಹೊದಿಸಿ ಎತ್ತಿಕೊಂಡು ಓಡಿದರು. ಸೋಮಯ್ಯನೂ ಒಂದನ್ನು ಎದೆಗೆ ಅವಚಿಕೊಂಡಿದ್ದರು. ಹಸಿರು ಸಾಲುಗಳ ಬಳಿ ಹೇಮಶ್ರೀ ಒಂದು ಕ್ಷಣ ನಿಂತಳು.

“ಇವು ಬಿದ್ದೋದ್ರೆ ಏನ್ ಮಾಡದು ಮೇಡಂ?” ಅಂದ ಗೌರೀಶ.

“ಬಿದ್ರೆ ಬಿದ್ವು ಅಂತ ಬರ್ಕೊಳ್ಳೋದು. ನಾಳೆ ಬೆಳಗ್ಗೆ ಬರ್ತೀನಿ.”

“ನಾನೇ ನೋಡಿ ಫೋನ್ ಮಾಡ್ತೀನಿ ಬುಡಿ.”

ಮನೆಗೆ ಬರುವ ಹೊತ್ತಿಗೆ ಮಳೆ ಹುಯ್ಯುತ್ತಿತ್ತು. ಪಕ್ಕದ ಮನೆಯವರು ಅನ್ನ, ಸಾರು ಮಾಡಿ ತಂದಿಟ್ಟಿದ್ದರು. ನೆಂಟರು ಕಾಲು ತೊಳೆದು ಒಳಗೆ ಬರಲು ಹೊರಟರೆ ನೀಲಾಂಬಿಕೆ ಹೊಸ್ತಿಲಲ್ಲಿ ಅಡ್ಡ ನಿಂತಿದ್ದರು.

“ರಾಗಿಕಟ್ಟು ಒಂದಕ್ಕೊಂದು ತಾಗ್ಕಂಡ್ರೆ ಕಾಳು ಬೆರಕೆ ಆಯ್ತವೆ. ಜಾಗ ಬೇಕು ಅವುಕ್ಕೆ. ತಪ್ಪು ತಿಳೀಬ್ಯಾಡಿ, ಅಲ್ಲೇ ಕುಂತ್ಕಳಿ.”

ಜಗುಲಿ ತುಂಬಿತು, ದನದ ಕೊಟ್ಟಿಗೆ ತುಂಬಿತು. ಉಳಿದವರು ಸೂರಿನಡಿ ಗೋಡೆಗೆ ಬೆನ್ನು ಅಂಟಿಸಿಕೊಂಡು, ಸಾರಿಗೆ ಮಳೆನೀರು ಬೀಳದಂತೆ ತಟ್ಟೆಯ ಮೇಲೆ ಅಂಗೈ ಮರೆ ಹಿಡಿದು ಉಂಡರು. ಅಯ್ನೋರು ಕರುವಿನ ಪಕ್ಕ ಕೂತಿದ್ದರು. ಸೋಮಯ್ಯ ಛತ್ರಿ ಕೆಳಗೆ ನಿಂತೇ ಉಣ್ಣುತ್ತ ಎರಡನೇ ಸಲ ಅನ್ನ ಕೇಳಿದರು. ಒಳಗೆ, ತೊಳೆದು ಒಣಗಿಸಿದ ನಡುಮನೆಯಲ್ಲಿ, ಐದು ಕಟ್ಟು ರಾಗಿ ಗೋಡೆಗೆ ಒರಗಿಕೊಂಡು ದೂರ ದೂರ ಕೂತಿದ್ದವು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.