ಸಾರು ನಿಲ್ಲದ ಕುಳಿ

ಆಲೂಗಡ್ಡೆ ಹಾಕಿದರೆ ಅದು ಸುಳ್ಳಾಗುತ್ತದೆ. ಬೆಂದ ಕ್ಯಾರೆಟ್ಟನ್ನೂ ಈರುಳ್ಳಿಯನ್ನೂ ಮೂಲಂಗಿಯಂಥ ಬಿಳಿ ಗೆಡ್ಡೆಯೊಂದಿಗೆ ಹಿಸುಕುತ್ತ ಸೀವರ್ಟ್ ಹಾಗಂದುಕೊಂಡ.

ಅಕ್ಟೋಬರ್ ಮೂರು, ಮುತ್ತಿಗೆ ಮುಗಿದ ದಿನದ ಹಬ್ಬ. ಲೈಡನ್ ಊರಿನ ಮನೆಮನೆಯಲ್ಲೂ ತರಕಾರಿ ಮುದ್ದೆಯಾದ ಹುಟ್ಸ್‌ಪಾಟ್ ಬೇಯುತ್ತಿತ್ತು. ನಾಲ್ಕೂವರೆ ಶತಮಾನದ ಹಿಂದೆ ಊರನ್ನು ಬಿಡಿಸಲು ಬಂದವರು ಸಮುದ್ರದ ಕಟ್ಟೆ ಒಡೆದು ನೀರು ನುಗ್ಗಿಸಿದಾಗ, ಮುತ್ತಿಗೆ ಹಾಕಿದ್ದ ಸ್ಪೇನಿನವರು ಒಲೆಯ ಮೇಲೇ ಬಿಟ್ಟು ಓಡಿದ ಅಡುಗೆ. ಆಗಿನ್ನೂ ಆ ನಾಡಿಗೆ ಬಾರದ ಆಲೂಗಡ್ಡೆ ಆ ಹಂಡೆಯಲ್ಲಿ ಇರಲು ಸಾಧ್ಯವೇ ಇಲ್ಲವೆಂದು ಸೀವರ್ಟ್ ದಪ್ಪ ಪುಸ್ತಕ ಬರೆದಿದ್ದ. ಊರು ಅವನಿಗೆ ಹಾರ ಹಾಕಿತು. ಹಂಡೆಗೆ ಆಲೂಗಡ್ಡೆಯನ್ನೇ ಹಾಕಿತು.

ಡಬ್ಬಿಗೆ ಟವೆಲು ಸುತ್ತಿ, ಸಾರಿನ ಫ್ಲಾಸ್ಕು ಹಿಡಿದು ಆಸ್ಪತ್ರೆಗೆ ನಡೆದ. ಬೀದಿಯಲ್ಲಿ ವಾದ್ಯದವರು. ಯಾರೋ ನಕ್ಕರು, ತನ್ನನ್ನು ನೋಡಿಯೇ ಇರಬೇಕು.

ಲಕ್ವ ಹೊಡೆದ ಮೇಲೆ ಅಣ್ಣ ಕ್ರೈನ್ ಊಟ ಬಿಟ್ಟಿದ್ದ. ನುಂಗಲು ಬರುತ್ತಿತ್ತು, ಮನಸ್ಸಿರಲಿಲ್ಲ. ಮೂಗಿನ ನಳಿಕೆಯನ್ನೂ ಬೇಡವೆಂದ. ಇನ್ನು ಕಾಯುವುದೊಂದೇ ಎಂದಿದ್ದರು ಡಾಕ್ಟರು.

ಕ್ರೈನ್ ಬದುಕಿಡೀ ನೀರು ನುಗ್ಗದಂತೆ ಕಟ್ಟೆ ಕಾದವನು. ಅಪ್ಪ ಸತ್ತ ಮೇಲೆ ತಮ್ಮನಿಗೆ ಬಡಿಸಿದವನೂ ಅವನೇ. ಹುಟ್ಸ್‌ಪಾಟನ್ನು ಗುಡ್ಡೆ ಮಾಡಿ, ಚಮಚದ ಬೆನ್ನಿಂದ ನಡುವೆ ಕುಳಿ ಒತ್ತಿ, ಮಾಂಸದ ಸಾರು ತುಂಬುತ್ತಿದ್ದ. ಕಟ್ಟೆ ಒಡೆಯದಂತೆ ತಿನ್ನಬೇಕು. ಒಡೆದರೆ ಊರು ಮುಳುಗಿತು, ಊಟ ಮುಗಿಯಿತು ಎಂದು ತಟ್ಟೆ ಎತ್ತಿಬಿಡುತ್ತಿದ್ದ. ಸೀವರ್ಟ್ ಅತ್ತರೆ ತನ್ನ ತಟ್ಟೆ ಮುಂದೆ ತಳ್ಳುತ್ತಿದ್ದ.

"ಏನೋ ಪ್ರೊಫೆಸರ್, ಹಬ್ಬಕ್ಕೆ ಹೋಗ್ಲಿಲ್ವಾ?" ಸೊಟ್ಟ ಬಾಯಿಂದ ಮಾತು ನಿಧಾನವಾಗಿ ಬಂತು.

ಸೀವರ್ಟ್ ತಟ್ಟೆಗೆ ಬಡಿಸಿದ. ವಾಸನೆಗೆ ಕ್ರೈನನ ತಲೆ ದಿಂಬಿನಿಂದ ಎದ್ದಿತು.

"ಕುಳಿ ಮಾಡೋ."

ಕುಳಿ ಒತ್ತಿ ಸಾರು ಬಿಟ್ಟ. ಕ್ರೈನ್ ಬಾಯಿ ತೆರೆದ. ಎಷ್ಟೋ ದಿನಗಳ ಮೇಲೆ, ತಾನಾಗಿ. ಸೀವರ್ಟ್ ಚಮಚ ಅದ್ದುವಷ್ಟರಲ್ಲಿ ಅಂಟಿಲ್ಲದ ಗುಡ್ಡೆಯ ಒಂದು ಮಗ್ಗುಲು ಮೆಲ್ಲಗೆ ಜಾರಿತು.

"ಆಲೂಗಡ್ಡೆ ಹಾಕ್ಲಿಲ್ವೇನೋ?"

"ಆ ಕಾಲದಲ್ಲಿ ಇರ್ಲಿಲ್ಲ ಅಣ್ಣ."

"ನಾನೂ ಇರ್ಲಿಲ್ಲ ಬಿಡು." ಕ್ರೈನನ ಕಣ್ಣು ನಕ್ಕಿತು, ಆಮೇಲೆ ತಟ್ಟೆಯ ಮೇಲೆ ನಿಂತಿತು. "ಒಡೀತು ಕಣೋ. ಎತ್ತು ತಟ್ಟೆ."

ಬಾಯಿ ಮುಚ್ಚಿಕೊಂಡ.

ಮುಂದೆ ತಳ್ಳಲು ಇನ್ನೊಂದು ತಟ್ಟೆ ಇರಲಿಲ್ಲ. ಸೀವರ್ಟ್ ಚಮಚ ಬಿಸಾಡಿ ಎರಡೂ ಅಂಗೈಗಳನ್ನು ಗುಡ್ಡೆಗೆ ಅಡ್ಡವಿಟ್ಟ. ಕೆಳಗೆ ಬೀದಿಯಲ್ಲಿ ನೀರು ನುಗ್ಗಿದ ದಿನದ ಹಾಡು ಎದ್ದಿತು. ಬೆಚ್ಚಗಿನ ಸಾರು ಬೆರಳ ಸಂದಿಯಿಂದ ಹೊರಬಂದು, ತಟ್ಟೆಯಂಚು ದಾಟಿ, ಬಿಳಿ ಹೊದಿಕೆಯ ಮೇಲೆ ಹರಡುತ್ತ ಅಣ್ಣನ ಎದೆಯ ಕಡೆಗೆ ಸಾಗಿತು.